ಹಳೇ ಗ್ಯಾಲರಿಗೆ ಹೊಸ ಲೈಟು: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಹಳೇ ಕಟ್ಟಡದ ಮ್ಯೂಸಿಯಂ ಗ್ಯಾಲರಿಗೆ ಹೊಸ ಲೈಟು ಹಾಕಿ ಸ್ವಲ್ಪ ದಿನ ಆಗುತ್ತಿದ್ದಂತೆ ದೂರು ಶುರುವಾಗುತ್ತದೆ. ಎಲ್ಲ ದೂರೂ ಒಂದೇ ಮಾತು: "ಲೈಟು ಸರಿ ಇಲ್ಲ." ಇಷ್ಟರಿಂದ ಏನೂ ತಿಳಿಯುವುದಿಲ್ಲ. ಕತ್ತಲು ಅನ್ನಿಸುತ್ತಿದೆಯೋ, ಕಣ್ಣಿಗೆ ಹೊಡೆಯುತ್ತಿದೆಯೋ, ಬಣ್ಣ ಮಂಕಾಗಿದೆಯೋ, ಮಿಣುಕುತ್ತಿದೆಯೋ, ಮೊದಲು ಬಿಡಿಸಿ ಕೇಳಿಕೊಳ್ಳಬೇಕು.

ಕೇಳುವುದಾದರೆ ದಿನವಿಡೀ ಆ ಕೋಣೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂರುವ ಅಟೆಂಡರನ್ನೇ ಕೇಳಿ. ಕ್ಯುರೇಟರ್ ಬಂದುಹೋಗುವವರು, ಗುತ್ತಿಗೆದಾರರು ಬಿಲ್ ಆದ ಮೇಲೆ ಬರುವವರಲ್ಲ. ಅಟೆಂಡರ್ ಹೇಳುವ ಒಂದು ಮಾತು ಅರ್ಧ ದಿನದ ಕೆಲಸ ಉಳಿಸುತ್ತದೆ: "ಬೆಳಗ್ಗೆ ಚೆನ್ನಾಗೇ ಇರುತ್ತೆ ಸಾರ್. ನೀರಿನ ಪಂಪ್ ಹಾಕಿದಾಗ ಒಂದ್ಸಲ ಜುಂಯ್ ಅಂತ ಡಿಮ್ ಆಗುತ್ತೆ." ಯಾವಾಗ ಆಗುತ್ತದೆ, ಎಲ್ಲಿ ನಿಂತರೆ ಕಾಣುತ್ತದೆ, ಮಳೆ ಬಂದ ದಿನ ಜಾಸ್ತಿಯಾ? ಈ ಮೂರು ಪ್ರಶ್ನೆಗೆ ಉತ್ತರ ಸಿಗದೆ ಏಣಿ ಹತ್ತಬೇಡಿ.

ಚೀಲದಲ್ಲಿ ಇರಬೇಕಾದ್ದು ಹೆಚ್ಚೇನಿಲ್ಲ. ಬೀಳುವ ಬೆಳಕನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುವ ಒಂದು ಒಳ್ಳೆಯ ಲಕ್ಸ್ ಮೀಟರ್ (ಫೋನಿನ ಆ್ಯಪ್ ನಂಬಬೇಡಿ), ಅಂಗೈ ಅಗಲದ ಕನ್ನಡಿ, ಬಿಳಿ ಹಾಳೆ, ದಪ್ಪನೆಯ ಕಪ್ಪು ಬಟ್ಟೆ, ಕ್ಯಾಮೆರಾ ಇರುವ ಫೋನು, ಮಲ್ಟಿಮೀಟರ್. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಡಿಮ್ಮರನ್ನೂ ತಿರುಗಿಸಿ ಲೈಟಿನ ಕೋನವನ್ನೂ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಆಮೇಲೆ ದೇವರಿಗೂ ಗೊತ್ತಾಗದು.

ಇನ್ನೊಂದು ವಿಷಯ ತಲೆಯಲ್ಲಿರಲಿ. ಈ ಕಟ್ಟಡಗಳನ್ನು ಕಟ್ಟಿದ್ದೇ ಸೂರ್ಯನ ಬೆಳಕಿಗಾಗಿ. ಮೈಸೂರಿನ ಜಗನ್ಮೋಹನ ಅರಮನೆ 1861ರದು. ಬೆಂಗಳೂರಿಗೆ ಕರೆಂಟ್ ಬಂದದ್ದೇ 1905ರಲ್ಲಿ. ಅಂದರೆ ಆ ಕಾಲದ ಹಜಾರಗಳಲ್ಲಿ ಎತ್ತರದ ಕಿಟಕಿ, ಬೆಳಕಿಂಡಿ, ಸುಣ್ಣದ ಬಿಳಿ ಗೋಡೆಗಳೇ ಲೈಟಿನ ವ್ಯವಸ್ಥೆ. ನಾವು ಟ್ರ್ಯಾಕ್ ಲೈಟು (ಮೇಲಿನ ಪಟ್ಟಿಯಲ್ಲಿ ಸರಿಸಿ, ತಿರುಗಿಸಿ ಕೂರಿಸುವ ಲೈಟು) ಹಾಕಿದ ಮಾತ್ರಕ್ಕೆ ಅವು ತಮ್ಮ ಕೆಲಸ ನಿಲ್ಲಿಸುವುದಿಲ್ಲ. "ಲೈಟು ಸರಿ ಇಲ್ಲ" ಅನ್ನುವ ದೂರುಗಳಲ್ಲಿ ಬಹಳಷ್ಟರ ಮೂಲ ಕಿಟಕಿ, ಗೋಡೆ, ನೆಲ, ಹಳೇ ವೈರು. ಫಿಟ್ಟಿಂಗ್ ಬದಲಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಬದಲಿಸಿದರೆ ದುಡ್ಡೂ ಹೋಗುತ್ತದೆ, ದೂರೂ ಉಳಿಯುತ್ತದೆ.

ಕತ್ತಲು ಅನ್ನುವ ದೂರು

ಇದೇ ಎಲ್ಲಕ್ಕಿಂತ ಜಾಸ್ತಿ ಬರುವುದು. ಇದೇ ಎಲ್ಲಕ್ಕಿಂತ ತಪ್ಪಾಗಿ ರಿಪೇರಿ ಆಗುವುದೂ ಹೌದು. ಯಾರಾದರೂ ಡಿಮ್ಮರ್ ಏರಿಸುತ್ತಾರೆ, ಎರಡು ದಿನ ಎಲ್ಲರಿಗೂ ಖುಷಿ. ಆ ಕಡೆ ಚಿತ್ರದ ಆಯಸ್ಸು ಕಡಿಮೆಯಾಗುತ್ತಾ ಹೋಗುತ್ತದೆ.

ಮೊದಲು ಅಳೆಯಿರಿ. ನೆಲದ ಮೇಲೆ ಮೀಟರ್ ಇಟ್ಟು ಅಳೆದರೆ ಪ್ರಯೋಜನವಿಲ್ಲ. ಮೀಟರಿನ ಬಿಳಿ ಗುಂಡಿ ಚಿತ್ರದ ಮೈಗೆ ಸಮಾನಾಂತರವಾಗಿ, ನೋಡುಗರ ಕಡೆ ಮುಖ ಮಾಡಿರಬೇಕು. ಚಿತ್ರಕ್ಕೆ ತಾಗಬಾರದು, ನಿಮ್ಮ ನೆರಳೂ ಬೀಳಬಾರದು. ನಾಲ್ಕು ಮೂಲೆ, ಒಂದು ನಡು, ಐದು ಕಡೆ ಅಳೆದು ಬರೆದುಕೊಳ್ಳಿ. ಕಾಗದದ ಮೇಲಿನ ಚಿತ್ರ, ಹಸ್ತಪ್ರತಿ, ಬಟ್ಟೆ ಇಂಥವಕ್ಕೆ 50 ಲಕ್ಸ್, ತೈಲಚಿತ್ರಕ್ಕೆ 200 ಲಕ್ಸ್ ಅನ್ನುವುದು ಬೆಳಕಿನ ಅಂತರರಾಷ್ಟ್ರೀಯ ಆಯೋಗ ಸಿಐಇ 2004ರಲ್ಲಿ ಕೊಟ್ಟ ಮಿತಿ. ಮೀಟರ್ 20 ತೋರಿಸಿದರೆ ದೂರು ನಿಜ, ಲೈಟು ಏರಿಸಿ. 50 ತೋರಿಸಿಯೂ ಜನ ಕತ್ತಲು ಅಂದರೆ ದೋಷ ಬೇರೆ ಕಡೆ ಇದೆ.

ಎಲ್ಲಿ? ಬಾಗಿಲಲ್ಲಿ ನಿಂತು ನೋಡಿ. ಹೊರಗೆ ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಅಲ್ಲಿಂದ ನಾಲ್ಕು ಹೆಜ್ಜೆಗೆ 50 ಲಕ್ಸಿನ ಕೋಣೆಗೆ ಬಂದರೆ ಕಣ್ಣು ಏನು ಮಾಡೀತು? ಐದಾರು ನಿಮಿಷ ಒಳಗೇ ಸುಮ್ನೆ ನಿಂತು ಮತ್ತೆ ಅದೇ ಚಿತ್ರ ನೋಡಿ. ಈಗ ಚೆನ್ನಾಗಿ ಕಂಡರೆ ದೋಷ ದಾರಿಯದ್ದು. ಮಧ್ಯೆ ಒಂದು ಮಬ್ಬು ಬೆಳಕಿನ ಜಾಗ ಬೇಕು. ಟಿಕೆಟ್ ಕೌಂಟರು, ಪರಿಚಯ ಫಲಕ, ನಂತರ ಗ್ಯಾಲರಿ, ಹೀಗೆ ಹಂತ ಹಂತವಾಗಿ ಬೆಳಕು ಇಳಿಯಲಿ. ಜನ ಓದುತ್ತಾ ನಿಲ್ಲುವ ಫಲಕವನ್ನು ಈ ನಡುವಿನ ಜಾಗದಲ್ಲಿ ಇಟ್ಟರೆ ಕಣ್ಣು ಹೊಂದಿಕೊಳ್ಳಲು ಬೇಕಾದ ಹೊತ್ತು ತಾನಾಗೇ ಸಿಗುತ್ತದೆ.

ಐದು ನಿಮಿಷದ ಮೇಲೂ ಕತ್ತಲೇ ಅನ್ನಿಸಿದರೆ ಕಪ್ಪು ಬಟ್ಟೆ ತೆಗೆಯಿರಿ. ಚಿತ್ರದ ಪಕ್ಕದ ಕಿಟಕಿಯನ್ನು ಮುಚ್ಚಿ. ದೂರು ಕೊಟ್ಟವರನ್ನೇ ಕರೆದು ನಿಲ್ಲಿಸಿ ಕೇಳಿ. "ಈಗ ಲೈಟ್ ಜಾಸ್ತಿ ಮಾಡಿದ್ರಾ?" ಅಂತ ಕೇಳುತ್ತಾರೆ! ಲೈಟು ಮುಟ್ಟಿಯೇ ಇಲ್ಲ. ಕಣ್ಣು ಎದುರಿಗೆ ಎಲ್ಲಕ್ಕಿಂತ ಹೆಚ್ಚು ಬೆಳಗುವ ವಸ್ತುವಿಗೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಅದು ಕಿಟಕಿಯಾಗಿದ್ದರೆ ಚಿತ್ರ ಕಪ್ಪು.

ಕಿಟಕಿ ಇಲ್ಲದಿದ್ದರೆ ಗೋಡೆಯನ್ನೇ ಅನುಮಾನಿಸಿ. ಸುಣ್ಣ ಬಳಿದ ಬಿಳಿ ಗೋಡೆಯ ಮೇಲೆ ಹಳೇ ವಾರ್ನಿಷಿನ ಕಂದು ತೈಲಚಿತ್ರ, ಅದಕ್ಕೆ 36 ಡಿಗ್ರಿ ಹರಡುವ ಲೆನ್ಸು. ಬೆಳಕಿನ ಅರ್ಧ ಗೋಡೆಗೇ ಬೀಳುತ್ತಿದೆ, ಗೋಡೆ ಥಳಥಳ ಅನ್ನುತ್ತಿದೆ, ಚಿತ್ರ ಗುಹೆಯ ಹಾಗೆ ಕಾಣುತ್ತಿದೆ. 15 ಅಥವಾ 24 ಡಿಗ್ರಿಯ ಲೆನ್ಸು ಹಾಕಿ ಬೆಳಕನ್ನು ಚಿತ್ರಕ್ಕೆ ಕಟ್ಟಿ. ಆದರೆ ಗಮನಿಸಿ, ಲೆನ್ಸು ಕಿರಿದಾದಷ್ಟೂ ನಡುಮಧ್ಯದ ಲಕ್ಸ್ ಏರುತ್ತದೆ. ಮತ್ತೆ ಅಳೆದು, ಡಿಮ್ ಮಾಡಿ. ಗೋಡೆಗೆ ಬೂದು ಅಥವಾ ಗಾಢ ಬಣ್ಣ ಬಳಿಯಲು ಒಪ್ಪಿಗೆ ಸಿಕ್ಕರೆ ಅದಕ್ಕಿಂತ ಅಗ್ಗದ ಲೈಟಿಂಗ್ ಇಲ್ಲ. ಸಂರಕ್ಷಿತ ಕಟ್ಟಡವಾದರೆ ಅನುಮತಿ ಬೇಕು, ಹಳೇ ಗಾರೆಯ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಗೋಡೆಯ ತೇವ ಒಳಗೇ ಕೂರುತ್ತದೆ. ಹಾಗಾಗಿ ನಾನು ಚಿತ್ರದ ಹಿಂದೆ ಬಣ್ಣದ ಹಲಗೆ ನಿಲ್ಲಿಸುವ ಪಕ್ಷ. ಗೋಡೆಯನ್ನು ಮುಟ್ಟುವುದೇ ಬೇಡ.

ಗಾಜಿನಲ್ಲಿ ಲೈಟೇ ಕಾಣುತ್ತಿದ್ದರೆ

ಇದಕ್ಕೆ ಕನ್ನಡಿ ಸಾಕು. ಒಬ್ಬರು ಕನ್ನಡಿಯನ್ನು ಚಿತ್ರದ ಗಾಜಿನ ಮುಂದೆ, ಅದೇ ಓರೆಯಲ್ಲಿ ಹಿಡಿಯಲಿ. ನೀವು ನೋಡುಗರ ಜಾಗದಲ್ಲಿ ನಿಲ್ಲಿ. ಕನ್ನಡಿಯಲ್ಲಿ ಕಾಣುವ ಬೆಳಕೇ ಅಪರಾಧಿ. ಎಷ್ಟೋ ಸಲ ಅದು ಟ್ರ್ಯಾಕ್ ಲೈಟೇ ಆಗಿರುವುದಿಲ್ಲ. ಎದುರು ಗೋಡೆಯ ಬೆಳಕಿಂಡಿಯೋ, ಹಸಿರು ಎಕ್ಸಿಟ್ ಬೋರ್ಡೋ, ಪಕ್ಕದ ಶೋಕೇಸಿನ ಲೈಟೋ ಇರುತ್ತದೆ. ಮಕ್ಕಳ ಎತ್ತರಕ್ಕೆ ಬಗ್ಗಿ, ವೀಲ್‌ಚೇರಿನ ಎತ್ತರದಲ್ಲಿ ಕೂತು ಒಂದೊಂದು ಸಲ ನೋಡಿ. ನಿಂತವರಿಗೆ ಕಾಣದ ಹೊಳಪು ಅವರ ಕಣ್ಣಿಗೆ ನೇರ ಹೊಡೆಯುತ್ತಿರಬಹುದು.

ಲೈಟೇ ಕಾರಣವಾದರೆ ಕೋನ ಅಳೆಯಿರಿ. ಗೋಡೆಯಿಂದ 30 ಡಿಗ್ರಿ ಓರೆಯಾಗಿ ಬೆಳಕು ಬೀಳುವುದು ಮ್ಯೂಸಿಯಂಗಳಲ್ಲಿ ರೂಢಿಯ ಲೆಕ್ಕ. ಲೈಟು 4 ಮೀಟರ್ ಎತ್ತರದಲ್ಲಿ, ಚಿತ್ರದ ನಡು 1.5 ಮೀಟರಿನಲ್ಲಿ ಇದ್ದರೆ ಅಂತರ 2.5 ಮೀಟರ್. ಆಗ ಟ್ರ್ಯಾಕು ಗೋಡೆಯಿಂದ ಸುಮಾರು 1.45 ಮೀಟರ್ ದೂರ ಇರಬೇಕು. ಅದಕ್ಕಿಂತ ಹಿಂದಿದ್ದರೆ ಗಾಜಿನಲ್ಲಿ ಹೊಳಪು, ನೋಡುವವರ ತಲೆಯ ನೆರಳೂ ಚಿತ್ರದ ಮೇಲೆ. ಮುಂದಿದ್ದರೆ ಬೀಟೆ ಮರದ ದಪ್ಪ ಫ್ರೇಮಿನ ನೆರಳು ಚಿತ್ರದ ಮೇಲ್ಭಾಗವನ್ನು ನುಂಗುತ್ತದೆ. ಹಳೇ ಫ್ರೇಮುಗಳು ಮುಂದಕ್ಕೆ ವಾಲಿಸಿ ತೂಗುಹಾಕಿರುತ್ತವೆ ಅಲ್ವಾ, ಆ ಓರೆ ಈ ಲೆಕ್ಕವನ್ನೆಲ್ಲ ಬದಲಿಸುತ್ತದೆ. ಕಾಗದದ ಲೆಕ್ಕಕ್ಕಿಂತ ಕನ್ನಡಿಯ ಮಾತು ಕೇಳಿ.

ಬಣ್ಣ ಸರಿ ಕಾಣುತ್ತಿಲ್ಲ

"ಸೀರೆಯ ಕೆಂಪು ಸತ್ತುಹೋಗಿದೆ" ಅಂದರೆ ಮೊದಲು ಲೈಟಿನ ಡಬ್ಬದ ಮೇಲಿನ ಸಿಆರ್‌ಐ (ಆ ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕಿ) ನೋಡುತ್ತಾರೆ. 90 ಅಂತ ಬರೆದಿರುತ್ತದೆ, ಸರಿ ಇದೆ ಅಂದುಕೊಳ್ಳುತ್ತಾರೆ. ಆ ಅಂಕಿ ಎಂಟು ತಿಳಿ ಬಣ್ಣಗಳ ಸರಾಸರಿ. ಗಾಢ ಕೆಂಪು ಅದರಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಆರ್9 ಅನ್ನುವ ಬೇರೆ ಅಂಕಿ ಇದೆ, ಕಂಪನಿಯವರಿಂದ ಕೇಳಿ ಪಡೆಯಬೇಕು. ಕುಂಕುಮ, ಕೆಂಪು ರೇಷ್ಮೆ, ಮೈಬಣ್ಣ ಇರುವ ಚಿತ್ರಗಳಿಗೆ ಇದು ಮುಖ್ಯ. ಕಡಿಮೆ ಇದ್ದರೆ ಲೈಟು ಬದಲಿಸದೆ ಬೇರೆ ದಾರಿ ಇಲ್ಲ.

ಆದರೆ ಬದಲಿಸುವ ಮುಂಚೆ ಬಿಳಿ ಹಾಳೆಯ ಪರೀಕ್ಷೆ ಮಾಡಿ. ಹಾಳೆಯನ್ನು ಚಿತ್ರದ ಮುಂದೆ ಲಂಬವಾಗಿ ಹಿಡಿದು, ಮೇಲಿಂದ ಕೆಳಕ್ಕೆ ನಿಧಾನವಾಗಿ ಇಳಿಸಿ. ಮೇಲೆ ಹಾಳೆ ಬಿಳಿಯಾಗಿ ಕಂಡು, ಚಿತ್ರದ ಕೆಳಗಿನ ಅಂಚಿಗೆ ಬರುವಾಗ ಗುಲಾಬಿ ಛಾಯೆ ತಿರುಗಿದರೆ ಕೆಳಗೆ ನೋಡಿ. ರೆಡ್ ಆಕ್ಸೈಡ್ ನೆಲ! ನಮ್ಮ ಹಳೇ ಮನೆ, ಬಂಗಲೆಗಳಲ್ಲಿ ಇರುವ ಆ ನುಣ್ಣನೆಯ ಕೆಂಪು ನೆಲ ಮೇಣ ಹಚ್ಚಿ ಉಜ್ಜಿದ ಮೇಲೆ ಬೆಳಕನ್ನು ಚೆನ್ನಾಗಿ ವಾಪಸು ಎಸೆಯುತ್ತದೆ, ತನ್ನ ಬಣ್ಣವನ್ನೂ ಸೇರಿಸಿ. ಚಿತ್ರದ ಕೆಳಗಿನ ನೆಲಕ್ಕೆ ಬೂದು ಬಣ್ಣದ ಜಮಖಾನೆ ಹಾಸಿ ಮತ್ತೆ ಹಾಳೆ ಇಳಿಸಿ. ಗುಲಾಬಿ ಹೋದರೆ ಲೈಟು ನಿರಪರಾಧಿ. ಲೈಟಿನ ಕೆಳಗಿನ ಅಂಚನ್ನು ಮರೆಮಾಡುವ ಪಟ್ಟಿ ಹಾಕಿ ನೆಲಕ್ಕೆ ಬೆಳಕು ಬೀಳದಂತೆ ಮಾಡಿದರೆ ಮುಗಿಯಿತು. ಕಟ್ಟಡದ ನೆಲ ಉಳಿಯಲಿ, ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಬೇಡಿ.

ಪಕ್ಕಪಕ್ಕದ ಎರಡು ಚಿತ್ರ ಬೇರೆ ಬೇರೆ ಬಣ್ಣದಲ್ಲಿ ಕಂಡರೆ ಎರಡೂ ಲೈಟನ್ನು ಒಂದೇ ಬಿಳಿ ಗೋಡೆಗೆ ತಿರುಗಿಸಿ. ಎರಡರ ಮೇಲೂ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ) ಅಂತ ಇದ್ದರೂ ಒಂದು ಹಸಿರಿಗೆ, ಒಂದು ಗುಲಾಬಿಗೆ ವಾಲಿರುವುದು ಮಾಮೂಲು. ಬೇರೆ ಬೇರೆ ಸಲ ಕೊಂಡ ಸರಕು. ಒಂದು ಕೋಣೆಗೆ ಒಂದೇ ಬ್ಯಾಚು, ಜೊತೆಗೆ ಸ್ಪೇರ್ ಕೂಡ ಅದೇ ಬ್ಯಾಚಿನದು, ಖರೀದಿಯಲ್ಲಿ ಇದನ್ನು ಬರೆಸಿ. ಇನ್ನು 50 ಲಕ್ಸಿನಲ್ಲಿ 4000 ಕೆಲ್ವಿನ್ ಹಾಕಿದರೆ ನನ್ನ ಕಣ್ಣಿಗೆ ಮೋಡ ಕವಿದ ಸಂಜೆಯಂತೆ ಕಾಣುತ್ತದೆ. ಅಷ್ಟು ಕಡಿಮೆ ಬೆಳಕಿಗೆ 2700ರಿಂದ 3000ವೇ ಒಪ್ಪುತ್ತದೆ. ಹಳೇ ಹ್ಯಾಲೋಜನ್ ಡಿಮ್ ಮಾಡಿದಷ್ಟೂ ಹಳದಿಯಾಗುತ್ತಿತ್ತು, ಸಾಮಾನ್ಯ ಎಲ್‌ಇಡಿ ಹಾಗಾಗುವುದಿಲ್ಲ. "ಮುಂಚೆ ಚೆನ್ನಾಗಿತ್ತು" ಅನ್ನುವ ಹಿರಿಯರ ಮಾತಿನಲ್ಲಿ ಇದೂ ಸೇರಿದೆ.

ಮೈಸೂರು ಶೈಲಿಯ ಚಿತ್ರಗಳದ್ದು ಬೇರೆಯೇ ಕಥೆ. ಅಲ್ಲಿ ದೂರು ಬರುವುದು ಚಿನ್ನದ ಬಗ್ಗೆ. ಕಾಗದದ ಮೇಲೆ ತೆಳ್ಳಗೆ ಉಬ್ಬು ಕಟ್ಟಿ ಚಿನ್ನದ ಹಾಳೆ ಅಂಟಿಸಿರುತ್ತಾರೆ. ಆ ಉಬ್ಬು ತಂಜಾವೂರು ಚಿತ್ರದಷ್ಟು ದಪ್ಪ ಇರುವುದಿಲ್ಲ, ದೇವರ ಕಿರೀಟದ ಗೆರೆಗಳು ಸೂಕ್ಷ್ಮ. ಚಿನ್ನಕ್ಕೆ ಬಣ್ಣಕ್ಕಿಂತ ಪ್ರತಿಫಲನ ಮುಖ್ಯ. ಎಲ್ಲ ಕಡೆಯಿಂದ ಸಮನಾದ ಮೆತ್ತನೆಯ ಬೆಳಕು ಕೊಟ್ಟರೆ ಅದು ಕಂದು ಬಳಿದ ಹಾಗೆ ಕಾಣುತ್ತದೆ. ಲೈಟು ಕೆಟ್ಟಿಲ್ಲ, ಮೆತ್ತಗಾಗಿದೆ ಅಷ್ಟೇ. ಮೊಬೈಲ್ ಟಾರ್ಚನ್ನು ದೂರದಲ್ಲಿ ಹಿಡಿದು ಒಂದೆರಡು ಕ್ಷಣ ಮಾತ್ರ ಪಕ್ಕದಿಂದ ಮೇಲಕ್ಕೆ ಸರಿಸಿ ನೋಡಿ. ಒಂದು ಕೋನದಲ್ಲಿ ಕಿರೀಟದ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಆ ಕೋನದಲ್ಲಿ ಒಂದು ಚಿಕ್ಕ, ಕಿರಿದಾದ ಲೈಟು ಸೇರಿಸಿ, ಉಳಿದ ಲೈಟನ್ನು ಇಳಿಸಿ. ಒಟ್ಟು 50 ಲಕ್ಸ್ ದಾಟದಿರಲಿ. ತೀರಾ ಓರೆ ಮಾಡಿದರೆ ಕಾಗದದ ಸುಕ್ಕೂ ಎದ್ದು ಕಾಣುತ್ತದೆ, ಅಲ್ಲಿಗೆ ನಿಲ್ಲಿಸಿ.

ಮಾಸುತ್ತಿದೆ ಎನ್ನುವ ಅನುಮಾನ

ಲೈಟಿನ ದೋಷಗಳಲ್ಲಿ ರಿಪೇರಿ ಇಲ್ಲದ್ದು ಇದೊಂದೇ. ಆದ್ದರಿಂದ ಅನುಮಾನ ಬಂದ ದಿನವೇ ಹಿಡಿಯಬೇಕು. ವಸ್ತುವನ್ನು ಸಂರಕ್ಷಣೆಯವರ ಕೈಯಲ್ಲಿ ತೆಗೆಸಿ, ಫ್ರೇಮಿನ ಅಂಚಿನಡಿ ಮುಚ್ಚಿದ್ದ ಭಾಗವನ್ನು ತೆರೆದ ಭಾಗದ ಜೊತೆ ಹೋಲಿಸಲಿ. ಎಲ್ಲ ಕಡೆ ಸಮನಾಗಿ ಮಾಸಿದ್ದರೆ ಗ್ಯಾಲರಿ ಲೈಟಿನ ಒಟ್ಟು ಹೊತ್ತು ಜಾಸ್ತಿಯಾಗಿದೆ. ಒಂದೇ ಪಕ್ಕ, ಅದೂ ಓರೆ ಗೆರೆಯಲ್ಲಿ ಮಾಸಿದ್ದರೆ ಬಿಸಿಲು.

ಲೆಕ್ಕ ಹೀಗೆ. ಹಾನಿಯಾಗುವುದು ಲಕ್ಸ್ ಮತ್ತು ಗಂಟೆಯ ಗುಣಲಬ್ಧದಿಂದ. ಕಾಗದದ ಚಿತ್ರಕ್ಕೆ ವರ್ಷಕ್ಕೆ 1,50,000 ಲಕ್ಸ್-ಗಂಟೆ ಮಿತಿ. 50 ಲಕ್ಸಿನಂತೆ ದಿನಕ್ಕೆ 8 ಗಂಟೆ, 300 ದಿನ ತೆರೆದರೆ 1,20,000 ಆಗುತ್ತದೆ, ಸರಿಹೋಯಿತು. ರೇಷ್ಮೆಗೆ ಮಿತಿ ಬರೀ 15,000. ಅದೇ 50 ಲಕ್ಸಿಗೆ 300 ಗಂಟೆ ಮಾತ್ರ, ಅಂದರೆ ಒಂದೂಕಾಲು ತಿಂಗಳು. ವರ್ಷವಿಡೀ ತೂಗುಹಾಕಿದ ರೇಷ್ಮೆ ಸೀರೆ ಮಾಸದೆ ಇನ್ನೇನು? ಅದಕ್ಕೆ ಲೈಟಿನಲ್ಲಿ ಪರಿಹಾರ ಹುಡುಕಬೇಡಿ. ವಸ್ತುವನ್ನೇ ಸರದಿಯಲ್ಲಿ ಇಡಿ, ಇಲ್ಲವೇ ಜನ ಬಂದಾಗ ಮಾತ್ರ ಹೊತ್ತಿಕೊಳ್ಳುವ ಸೆನ್ಸರ್ ಹಾಕಿ. ಬೆಳಗ್ಗೆ ಕಸ ಗುಡಿಸುವಾಗ ಎಲ್ಲ ಲೈಟು ಫುಲ್ ಉರಿಯುತ್ತಿರುತ್ತವೆ, ಆ ಗಂಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಗುಡಿಸುವುದಕ್ಕೆ ಬೇರೆ ಸರ್ಕ್ಯೂಟ್ ಕೊಡಿ.

ಬಿಸಿಲಿನ ವಿಷಯದಲ್ಲಿ ಅಂಕಿ ನೋಡಿದರೆ ಎದೆ ಧಸಕ್ಕನ್ನುತ್ತದೆ. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಪಟ್ಟಿ 20,000 ಲಕ್ಸ್ ಇದ್ದರೆ ಒಂದೇ ಗಂಟೆಯಲ್ಲಿ ರೇಷ್ಮೆಯ ವರ್ಷದ ಪಾಲು ಮುಗಿದು ಮೇಲೆ ಸಾಲ. ಇದು ಎಲ್ಲ ಕಾಲದಲ್ಲೂ ಬೀಳುವುದಿಲ್ಲ, ಅದೇ ತೊಂದರೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ತಗ್ಗಿನಲ್ಲಿ ಇರುವಾಗ ದಕ್ಷಿಣದ ಕಿಟಕಿಯಿಂದ ಒಳಗಿನ ಗೋಡೆಯ ತನಕ ಬರುತ್ತದೆ. ಲೈಟು ಅಳವಡಿಸಿದ್ದು ಮೇ ತಿಂಗಳಾದರೆ ಯಾರಿಗೂ ಗೊತ್ತೇ ಆಗಿರುವುದಿಲ್ಲ. ಮತ್ತೆ ಅಟೆಂಡರನ್ನೇ ಕೇಳಿ, ಚಳಿಗಾಲದಲ್ಲಿ ಬಿಸಿಲು ಎಲ್ಲಿಗೆ ಬರುತ್ತದೆ ಅಂತ. ಖಚಿತವಾಗಬೇಕಾದರೆ ಬ್ಲೂ ವೂಲ್ ಪಟ್ಟಿ ಅಂತ ಸಿಗುತ್ತದೆ, ಬೇರೆ ಬೇರೆ ವೇಗದಲ್ಲಿ ಮಾಸುವ ನೀಲಿ ಉಣ್ಣೆಯ ತುಂಡುಗಳು. ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ವಸ್ತುವಿನ ಪಕ್ಕ ಇಟ್ಟು ಆಗಾಗ ಹೋಲಿಸಿ.

ಎಲ್‌ಇಡಿಯಲ್ಲಿ ಯುವಿ (ಕಣ್ಣಿಗೆ ಕಾಣದ ಅತಿನೇರಳೆ ಕಿರಣ) ಇಲ್ಲ, ಏನೂ ಆಗಲ್ಲ ಅನ್ನುವ ಮಾತು ಅರ್ಧ ಸತ್ಯ. ಯುವಿ ಬಹುತೇಕ ಇಲ್ಲ, ನಿಜ. ಆದರೆ ಕಣ್ಣಿಗೆ ಕಾಣುವ ನೀಲಿ ಬೆಳಕೂ ಹಾನಿ ಮಾಡುತ್ತದೆ. ಚಿತ್ರಕಾರ ವ್ಯಾನ್ ಗೋ ಬಳಸಿದ ಕ್ರೋಮ್ ಹಳದಿ ಬೆಳಕಿಗೆ ಕಂದಾಗುತ್ತದೆ, ಅದರಲ್ಲೂ ಗಂಧಕ ಜಾಸ್ತಿ ಇರುವ ತಿಳಿ ಹಳದಿ. ಯುವಿ ಫಿಲ್ಟರ್ ಹಾಕಿದ ಮಾತ್ರಕ್ಕೆ ಲಕ್ಸ್ ಮಿತಿ ಸಡಿಲ ಮಾಡಬೇಡಿ.

ಶೋಕೇಸಿನೊಳಗೆ

ಗಾಜಿನ ಒಳಮೈಯಲ್ಲಿ ಮಂಜು, ತಾಳೆಗರಿ ಬಾಗುವುದು, ಮರದ ಬೊಂಬೆಯಲ್ಲಿ ಹೊಸ ಬಿರುಕು. ಇವು ಲೈಟಿನ ದೂರಾಗಿ ಬರುವುದಿಲ್ಲ, ಆದರೂ ಕಾರಣ ಲೈಟೇ ಆಗಿರಬಹುದು. ತೇವಾಂಶ ದಾಖಲಿಸುವ ಲಾಗರನ್ನು ಒಳಗೆ ಒಂದು ವಾರ ಇಡಿ. ತೇವಾಂಶದ ಗೆರೆ ಬೆಳಗ್ಗೆ ಲೈಟು ಹಾಕಿದ ಹೊತ್ತಿಗೆ ಸರಿಯಾಗಿ ಇಳಿದು ಸಂಜೆ ಆರಿಸಿದ ಮೇಲೆ ಏರಿದರೆ ಮತ್ತೆ ಹುಡುಕುವುದು ಬೇಡ. ಎಲ್‌ಇಡಿಯ ಬೆಳಕು ತಣ್ಣಗಿದ್ದರೂ ಅದರ ಡ್ರೈವರ್ (ಕರೆಂಟನ್ನು ಎಲ್‌ಇಡಿಗೆ ಒಗ್ಗಿಸಿ ಕೊಡುವ ಡಬ್ಬ) ಬಿಸಿ, ಅದನ್ನು ಜಾಗ ಉಳಿಸಲು ಶೋಕೇಸಿನ ತಲೆಯೊಳಗೇ ತುರುಕಿರುತ್ತಾರೆ. ಡ್ರೈವರನ್ನು ಹೊರಗೆ ತನ್ನಿ.

ಮಿಣುಕುವುದು ಮತ್ತು ಕರೆಂಟಿನ ಉಳಿದ ಕಾಟಗಳು

ಇಲ್ಲಿಂದ ಮುಂದೆ ಮೇನ್ ಆಫ್ ಮಾಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಜೊತೆಗಿಟ್ಟುಕೊಂಡೇ ಕೈ ಹಾಕಿ.

ಮೊದಲು ಅಪಾಯದ್ದು. ಕೆಲವು ಲೈಟು ಇದ್ದಕ್ಕಿದ್ದ ಹಾಗೆ ಜಾಸ್ತಿ ಉರಿದು, ಅದೇ ಹೊತ್ತಿಗೆ ಬೇರೆ ಲೈಟುಗಳು ಮಂಕಾದರೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ, ತಕ್ಷಣ ಮೇನ್ ಇಳಿಸಿ. ಮೂರು ಫೇಸಿನ ಸರಬರಾಜಿನಲ್ಲಿ ನ್ಯೂಟ್ರಲ್ ಸಡಿಲವಾಗಿರುವ ಲಕ್ಷಣ ಅದು. 230 ವೋಲ್ಟ್ ಬರಬೇಕಾದ ಕಡೆ 400ರ ಹತ್ತಿರ ಏರಬಹುದು. ಮರದ ತೊಲೆ, ಹಳೇ ಕೇಸಿಂಗ್ ಪಟ್ಟಿ, ಅದರ ಕೆಳಗೆ ಬೆಲೆ ಕಟ್ಟಲಾಗದ ಚಿತ್ರ. ಸಡಿಲ ಜಾಯಿಂಟ್ ಬಿಸಿಯಾಗಿ ಬೆಂಕಿ ಹತ್ತಲು ಇದಕ್ಕಿಂತ ಬೇರೆ ಜಾಗ ಬೇಕಿಲ್ಲ. ಮೇನ್ ಬೋರ್ಡಿನಿಂದ ಮೀಟರಿನ ತನಕ ಪ್ರತಿ ನ್ಯೂಟ್ರಲ್ ಸ್ಕ್ರೂ ಬಿಗಿ ಮಾಡಿಸಿ, ಕಪ್ಪಾದ ತುದಿಗಳನ್ನು ಕತ್ತರಿಸಿ ಹೊಸದಾಗಿ ಕಟ್ಟಿಸಿ.

ಕಣ್ಣಿಗೆ ಕಾಣದೆ ಫೋನಿನಲ್ಲಿ ಮಾತ್ರ ಕಪ್ಪು ಪಟ್ಟಿಗಳು ಓಡಿದರೆ ಡಿಮ್ಮರನ್ನು ಪೂರ್ತಿ ಏರಿಸಿ ನೋಡಿ. ಪಟ್ಟಿ ಹೋದರೆ ಡಿಮ್ ಮಾಡುವ ರೀತಿಯದ್ದು ದೋಷ: ಡ್ರೈವರ್ ಲೈಟನ್ನು ಸೆಕೆಂಡಿಗೆ ಕೆಲವು ನೂರು ಸಲ ಮಾತ್ರ ಆರಿಸಿ ಹೊತ್ತಿಸುತ್ತಿದೆ. ಹೆಚ್ಚಿನ ಫ್ರೀಕ್ವೆನ್ಸಿಯ ಡ್ರೈವರ್ ಬೇಕು. ಪೂರ್ತಿ ಏರಿಸಿಯೂ ಪಟ್ಟಿ ಉಳಿದರೆ 50 ಹರ್ಟ್ಸ್ ಕರೆಂಟಿನ ಏರಿಳಿತ ಸೆಕೆಂಡಿಗೆ 100 ಸಲ ಹಾಗೇ ಲೈಟಿಗೆ ಬರುತ್ತಿದೆ. ಡ್ರೈವರ್ ಕಳಪೆ, ಬದಲಿಸಿ. ಕಣ್ಣಿಗೇ ಕಾಣುವ ಪಟಪಟಕ್ಕೆ ಸಾಮಾನ್ಯ ಕಾರಣ ಹ್ಯಾಲೋಜನ್ ಕಾಲದ ಡಿಮ್ಮರನ್ನು ಹಾಗೇ ಉಳಿಸಿಕೊಂಡು ಅದಕ್ಕೆ ಎಲ್‌ಇಡಿ ಕಟ್ಟಿರುವುದು. ಪಂಪೋ ಎಸಿಯೋ ಶುರುವಾದಾಗ ಮಾತ್ರ ಆದರೆ ಗ್ಯಾಲರಿಯನ್ನು ಆ ಫೇಸಿನಿಂದ ಬಿಡಿಸಿ.

ಸ್ವಿಚ್ ಆಫ್ ಮಾಡಿದರೂ ಲೈಟು ಮಬ್ಬಾಗಿ ಉರಿಯುತ್ತಿದ್ದರೆ ದೆವ್ವ ಅಲ್ಲ. ಸ್ವಿಚ್ಚಿನಲ್ಲಿ ಪುಟ್ಟ ಇಂಡಿಕೇಟರ್ ಲೈಟಿದ್ದರೆ ಅದರ ಮೂಲಕವೇ ಅಷ್ಟು ಕರೆಂಟ್ ಹೋಗುತ್ತಿರುತ್ತದೆ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಹೋಲ್ಡರಿನೊಳಗೆ ಟೆಸ್ಟರ್ ಇಡಿಸಿ, ಈ ಪರೀಕ್ಷೆಗೆ ಮಾತ್ರ ಮೇನ್ ಆನ್ ಇರಬೇಕು. ಸ್ವಿಚ್ ಆಫ್ ಇದ್ದೂ ಟೆಸ್ಟರ್ ಉರಿದರೆ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲಿಗೆ ಹಾಕಿರಬಹುದು. ಹಳೇ ವೈರಿಂಗಿನಲ್ಲಿ ಇದು ಬೇಕಾದಷ್ಟು ಇದೆ. ಲೈಟಿನ ಅಂದಕ್ಕಲ್ಲ, ಮುಂದೆ ಬಲ್ಬು ಬದಲಿಸುವವನ ಜೀವಕ್ಕೆ ಇದನ್ನು ಸರಿಮಾಡಬೇಕು.

ಟ್ರಿಪ್ ಆಗುವುದಾದರೆ ಯಾವ ಸ್ವಿಚ್ ಬಿತ್ತು ಅಂತ ನೋಡಿ. ಬೆಳಗ್ಗೆ ಎಲ್ಲ ಲೈಟು ಒಟ್ಟಿಗೆ ಹಾಕಿದ ಕ್ಷಣ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ಬಿದ್ದು, ಮತ್ತೆ ಎತ್ತಿದರೆ ನಿಲ್ಲುತ್ತದೆಯಾ? ಹತ್ತಾರು ಡ್ರೈವರುಗಳು ಒಟ್ಟಿಗೆ ಎಳೆಯುವ ಮೊದಲ ಕ್ಷಣದ ಕರೆಂಟ್ ಕಾರಣ. ಗುಂಪು ಮಾಡಿ ಒಂದೊಂದಾಗಿ ಹೊತ್ತಿಸಿ, ಅಥವಾ ವೈರಿನ ಗಾತ್ರ ನೋಡಿಕೊಂಡು ಬಿ ಮಾದರಿಯ ಬದಲು, ಆ ಮೊದಲ ಎಳೆತವನ್ನು ಹೆಚ್ಚು ತಡೆಯುವ ಸಿ ಮಾದರಿಯ ಎಂಸಿಬಿ ಹಾಕಿಸಿ. ಸುಮ್ನೆ ಆಂಪಿಯರ್ ಏರಿಸಬೇಡಿ. ಬಿದ್ದದ್ದು ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್), ಅದೂ ಮಳೆಗಾಲದಲ್ಲೇ ಆದರೆ ಗಾರೆ ಗೋಡೆಯೊಳಗೆ ಎಲ್ಲೋ ವೈರಿಗೆ ತೇವ ತಗುಲಿದೆ. ಪ್ರತಿ ಸರ್ಕ್ಯೂಟನ್ನೂ ಬಿಡಿಸಿ ಮೆಗ್ಗರಿನಿಂದ (ವೈರಿನ ಹೊದಿಕೆ ಕರೆಂಟ್ ಸೋರದಂತೆ ತಡೆಯುತ್ತಿದೆಯಾ ಅಂತ ಅಳೆಯುವ ಯಂತ್ರ) ಇನ್ಸುಲೇಷನ್ ಅಳೆಸಿ. ಅಳೆಯುವ ಮುಂಚೆ ಡ್ರೈವರುಗಳನ್ನು ಕಳಚಿಡುವುದು ಮರೆಯಬೇಡಿ, ಮೆಗ್ಗರಿನ 500 ವೋಲ್ಟ್ ಅವಕ್ಕೆ ತಡೆಯುವುದಿಲ್ಲ. ಸೋರುವ ಸರ್ಕ್ಯೂಟ್ ಸಿಕ್ಕ ಮೇಲೆ ಮಹಡಿಯ ನೀರಿನ ದಾರಿ ನೋಡುವವರನ್ನು ಕರೆಸಿ. ಅಲ್ಲಿಯವರೆಗೆ ಆ ಗೋಡೆಯ ಲೈಟುಗಳು ಆಫ್ ಇರಲಿ, ಆರ್‌ಸಿಸಿಬಿಯನ್ನು ಬೈಪಾಸ್ ಮಾಡಲು ಯಾರು ಹೇಳಿದರೂ ಕೇಳಬೇಡಿ.